ಡೆಸ್ಕ್‌ಟಾಪ್ ಕಂಪ್ಯೂಟರೇ ಕಚೇರಿಯ ಫೈಲ್ ಸರ್ವರ್ ಆದಾಗ: ಸಂಪರ್ಕಗಳ ಮಿತಿ

ಹತ್ತಿಪ್ಪತ್ತು ಜನ ದುಡಿಯುವ ಕಚೇರಿಯಲ್ಲಿ ಎಲ್ಲರಿಗೂ ಬೇಕಾದ ಫೈಲ್‌ಗಳನ್ನು ಒಂದೇ ಕಂಪ್ಯೂಟರಿನಲ್ಲಿಟ್ಟು, ಆ ಫೋಲ್ಡರನ್ನು ನೆಟ್‌ವರ್ಕ್‌ನಲ್ಲಿ ಶೇರ್ ಮಾಡುವುದು ಹಳೆಯ ರೂಢಿ. ಹೆಚ್ಚಿನ ಕಡೆ ಆ ಕಂಪ್ಯೂಟರ್ ಮಾಮೂಲಿ ಡೆಸ್ಕ್‌ಟಾಪ್, ಅದರಲ್ಲಿರುವುದು ಮಾಮೂಲಿ ವಿಂಡೋಸ್. ಈ ಏರ್ಪಾಟಿಗೊಂದು ಗಡಿ ಇದೆ. ವಿಂಡೋಸ್ 7ರಿಂದ ವಿಂಡೋಸ್ 11ರವರೆಗಿನ ಡೆಸ್ಕ್‌ಟಾಪ್ ಆವೃತ್ತಿಗಳಲ್ಲಿ, ಒಂದು ಕಂಪ್ಯೂಟರಿನ ಫೈಲ್ ಮತ್ತು ಪ್ರಿಂಟರ್ ಸೇವೆಯನ್ನು ಹೊರಗಿನಿಂದ ಬಳಸಬಹುದಾದ ಸಾಧನಗಳು ಹೆಚ್ಚೆಂದರೆ 20. ಅವುಗಳಿಗಿಂತ ಹಳೆಯ ಆವೃತ್ತಿಗಳಲ್ಲಿ ಇದು 10 ಅಥವಾ 5 ಇತ್ತು.

ಮಿತಿ ತುಂಬಿದ ಮೇಲೆ ಬರುವವರಿಗೆ ಫೋಲ್ಡರ್ ತೆರೆಯುವುದಿಲ್ಲ. ಈ ರಿಮೋಟ್ ಕಂಪ್ಯೂಟರ್ ಒಪ್ಪಿಕೊಳ್ಳಬಹುದಾದಷ್ಟು ಸಂಪರ್ಕಗಳು ಆಗಲೇ ಇರುವುದರಿಂದ ಸದ್ಯಕ್ಕೆ ಇನ್ನೊಂದು ಸಂಪರ್ಕ ಸಾಧ್ಯವಿಲ್ಲ ಎಂಬ ಅರ್ಥದ ಸಂದೇಶ ತೆರೆಯ ಮೇಲೆ ಬರುತ್ತದೆ. ವಿಂಡೋಸ್‌ನ ದೋಷಗಳ ಪಟ್ಟಿಯಲ್ಲಿ ಇದರ ಸಂಖ್ಯೆ 71. ಒಳಗಿರುವ ಇಪ್ಪತ್ತು ಮಂದಿಗೆ ಇದರ ಸುಳಿವೇ ಇರುವುದಿಲ್ಲ, ಅವರ ಕೆಲಸ ಎಂದಿನಂತೆ ನಡೆದಿರುತ್ತದೆ. ಹೀಗಾಗಿ ಕೇಬಲ್ ಸಡಿಲವಾಗಿದೆ, ಸ್ವಿಚ್ ಕೆಟ್ಟಿದೆ, ವೈರಸ್ ಹೊಕ್ಕಿದೆ ಎಂದು ಹುಡುಕಾಟ ಶುರುವಾಗುತ್ತದೆ. ಅಷ್ಟರಲ್ಲಿ ಯಾರೋ ಊಟಕ್ಕೆಂದು ಕಂಪ್ಯೂಟರ್ ಆಫ್ ಮಾಡಿ ಎದ್ದು ಹೋದರೆ ತೊಂದರೆ ತಾನಾಗಿಯೇ ಮಾಯವಾಗುತ್ತದೆ, ಕಾರಣ ಮಾತ್ರ ಗೊತ್ತಾಗದೆ ಉಳಿಯುತ್ತದೆ.

ಈ ಮಿತಿಗೂ ಯಂತ್ರದ ಶಕ್ತಿಗೂ ಸಂಬಂಧವಿಲ್ಲ. ಪ್ರೊಸೆಸರ್ ಎಷ್ಟೇ ವೇಗದ್ದಾಗಿರಲಿ, ರ‍್ಯಾಮ್ 4 ಜಿಬಿಯಿಂದ 64 ಜಿಬಿಗೆ ಏರಲಿ, ಸಂಖ್ಯೆ 20ರಿಂದ ಕದಲುವುದಿಲ್ಲ. ಇದು ಪರವಾನಗಿಯ ಷರತ್ತು. ಮಾರುವ ಕಂಪನಿ ಡೆಸ್ಕ್‌ಟಾಪ್ ವಿಂಡೋಸ್ ಮತ್ತು ಸರ್ವರ್ ವಿಂಡೋಸ್ ಎಂಬ ಎರಡು ಸರಕುಗಳ ನಡುವೆ ಎಳೆದ ಗೆರೆ ಇದು. ಆ ಗೆರೆಯನ್ನು ಸಾಫ್ಟ್‌ವೇರಿನೊಳಗೂ ಬರೆದಿಡಲಾಗಿದೆ.

ಲೆಕ್ಕಕ್ಕೆ ಬರುವುದು ಏನು ಎಂಬಲ್ಲೇ ಗೊಂದಲ ಹೆಚ್ಚು. ತೆರೆದಿರುವ ಫೈಲ್‌ಗಳಾಗಲಿ, ಶೇರ್ ಆಗಿರುವ ಫೋಲ್ಡರ್‌ಗಳಾಗಲಿ ಇಲ್ಲಿ ಎಣಿಕೆಗೆ ಬರುವುದಿಲ್ಲ. ಎಣಿಸುವುದು ಸೆಷನ್‌ಗಳನ್ನು, ಅಂದರೆ ಹೊರಗಿನ ಒಂದು ಕಂಪ್ಯೂಟರ್ ಒಂದು ಬಳಕೆದಾರ ಹೆಸರಿನಿಂದ ಲಾಗಿನ್ ಆಗಿ ಉಳಿಸಿಕೊಂಡಿರುವ ನಂಟನ್ನು. ಒಂದೇ ಸೆಷನ್‌ನಲ್ಲಿ ನಾಲ್ಕು ಫೋಲ್ಡರ್‌ಗಳನ್ನು ಬಳಸಬಹುದು, ನೂರು ಫೈಲ್‌ಗಳನ್ನು ತೆರೆದಿಡಬಹುದು, ಲೆಕ್ಕ ಒಂದೇ. ಆದರೆ ಆ ಕಂಪ್ಯೂಟರಿನಲ್ಲಿ ಹಂಚಿಕೊಂಡ ಪ್ರಿಂಟರ್ ಇದ್ದು, ಫೈಲ್ ಮುಟ್ಟದ ಮೇಜಿನಿಂದ ಬರೀ ಪ್ರಿಂಟ್ ಕೊಟ್ಟರೂ ಅದೂ ಒಂದು ಸೆಷನ್. ಸ್ಕ್ಯಾನ್ ಮಾಡಿದ ಪುಟವನ್ನು ನೇರ ಫೋಲ್ಡರಿಗೆ ಕಳಿಸುವ ಝೆರಾಕ್ಸ್ ಯಂತ್ರ, ಫೈಲ್ ಮ್ಯಾನೇಜರ್ ಆ್ಯಪ್‌ನಿಂದ ಒಳಹೊಕ್ಕ ಮೊಬೈಲ್, ಮೀಟಿಂಗ್ ಕೋಣೆಯ ಟೀವಿ ಇವೆಲ್ಲವೂ ಲೆಕ್ಕದೊಳಗೇ. ಹದಿನಾರು ಜನರ ಕಚೇರಿಗೆ 20 ಸಾಕಲ್ಲವೇ ಎಂಬ ಅಂದಾಜು ತಪ್ಪುವುದು ಇಲ್ಲಿಯೇ. ಜನರನ್ನು ಎಣಿಸಿದರೆ ಸಾಲದು, ಸಾಧನಗಳನ್ನು ಎಣಿಸಬೇಕು.

ಒಂದೇ ಕಂಪ್ಯೂಟರ್ ಎರಡು ಸೆಷನ್ ಹಿಡಿದಿರುವುದೂ ಉಂಟು. ಒಂದು ಡ್ರೈವನ್ನು ಸರ್ವರಿನ ಹೆಸರಿನಿಂದಲೂ ಇನ್ನೊಂದನ್ನು ಅದರ ಐಪಿ ವಿಳಾಸದಿಂದಲೂ ಮ್ಯಾಪ್ ಮಾಡಿದ್ದರೆ ವಿಂಡೋಸ್ ಅವೆರಡನ್ನೂ ಬೇರೆ ಬೇರೆ ಸರ್ವರ್‌ಗಳೆಂದೇ ತಿಳಿದು ಎರಡು ಸಲ ಲಾಗಿನ್ ಆಗುತ್ತದೆ. ಕಾಲಕಾಲಕ್ಕೆ ಬೇರೆ ಬೇರೆ ಹಾರ್ಡ್‌ವೇರ್ ಹುಡುಗರು ಬಂದು ತಮ್ಮ ತಮ್ಮ ರೀತಿಯಲ್ಲಿ ಮ್ಯಾಪ್ ಮಾಡಿಹೋದ ಕಚೇರಿಗಳಲ್ಲಿ ಇದು ಸಾಮಾನ್ಯ. ಎಲ್ಲ ಕಡೆಯೂ ಹೆಸರನ್ನೇ ಬಳಸುವಂತೆ ಸರಿಪಡಿಸಿದರೆ, ಒಂದು ರೂಪಾಯಿ ಖರ್ಚಿಲ್ಲದೆ ನಾಲ್ಕೈದು ಜಾಗ ಖಾಲಿಯಾಗುವುದುಂಟು.

ಯಾರು ಯಾರು ಒಳಗಿದ್ದಾರೆ ಎಂಬುದನ್ನು ಸರ್ವರ್ ಕಂಪ್ಯೂಟರಿನಲ್ಲಿ ಕುಳಿತು ನೋಡಬಹುದು. ಕಂಪ್ಯೂಟರ್ ಮ್ಯಾನೇಜ್‌ಮೆಂಟ್‌ನಲ್ಲಿ ಶೇರ್ಡ್ ಫೋಲ್ಡರ್ಸ್ ಎಂಬ ವಿಭಾಗವಿದ್ದು, ಅದರ ಕೆಳಗೆ ಶೇರ್ಸ್, ಸೆಷನ್ಸ್, ಓಪನ್ ಫೈಲ್ಸ್ ಎಂಬ ಮೂರು ಸಾಲುಗಳಿವೆ. ಸೆಷನ್ಸ್ ಒತ್ತಿದರೆ ಪಟ್ಟಿ ಬಿಚ್ಚಿಕೊಳ್ಳುತ್ತದೆ: ಬಳಕೆದಾರನ ಹೆಸರು, ಯಾವ ಕಂಪ್ಯೂಟರಿನಿಂದ, ತೆರೆದ ಫೈಲ್ ಎಷ್ಟು, ಸಂಪರ್ಕಕ್ಕೆ ಬಂದು ಎಷ್ಟು ಹೊತ್ತಾಯಿತು, ಸುಮ್ಮನಿದ್ದು ಎಷ್ಟು ಹೊತ್ತಾಯಿತು. ದೋಷದ ಸಂದೇಶ ಬಂದ ಕ್ಷಣದಲ್ಲಿ ಈ ಪಟ್ಟಿಯನ್ನು ಒಮ್ಮೆ ಓದಿದರೆ ಅರ್ಧ ರೋಗ ಪತ್ತೆಯಾದಂತೆ. ಬೆಳಿಗ್ಗೆಯಿಂದ ಒಂದೂ ಫೈಲ್ ತೆರೆಯದ ರಿಸೆಪ್ಷನ್ ಕಂಪ್ಯೂಟರ್, ರಜೆಯಲ್ಲಿರುವವರ ಮೇಜಿನಲ್ಲಿ ಆಫ್ ಮಾಡದೆ ಬಿಟ್ಟ ಯಂತ್ರ, ಒಂದೇ ಹೆಸರು ಎರಡು ಸಾಲಿನಲ್ಲಿ ಇರುವುದು, ಎಲ್ಲವೂ ಅಲ್ಲಿ ಕಾಣುತ್ತವೆ. ಬೇಡದ ಸಾಲಿನ ಮೇಲೆ ಬಲಗಡೆಯ ಮೌಸ್ ಗುಂಡಿ ಒತ್ತಿ ಆ ಸೆಷನ್ ಮುಚ್ಚಬಹುದು. ಫೈಲ್ ತೆರೆದಿರುವ ಸೆಷನ್ನನ್ನು ಹೀಗೆ ಮುಚ್ಚುವುದು ಮಾತ್ರ ಅಪಾಯ: ಉಳಿಸದ ಬದಲಾವಣೆ ಹೋಗುತ್ತದೆ, ಲೆಕ್ಕಪತ್ರದ ಡೇಟಾ ಆದರೆ ಅದು ಕೆಟ್ಟೇ ಹೋಗಬಹುದು. ಕಮಾಂಡ್ ಪ್ರಾಂಪ್ಟ್ ರೂಢಿಯಿರುವವರಿಗೆ ನೆಟ್ ಸೆಷನ್ ಎಂಬ ಆದೇಶ ಇದೇ ಪಟ್ಟಿಯನ್ನು ಕೊಡುತ್ತದೆ. ನೆಟ್ ಕಾನ್ಫಿಗ್ ಸರ್ವರ್ ಎಂಬುದು ಆ ಯಂತ್ರಕ್ಕೆ ನಿಗದಿಯಾದ ಗರಿಷ್ಠ ಸಂಖ್ಯೆಯನ್ನೇ ತೋರಿಸುತ್ತದೆ. ಅಲ್ಲಿ 20 ಎಂದು ಇದ್ದರೆ ಯಾವ ಚರ್ಚೆಯೂ ಬೇಕಿಲ್ಲ.

ಅದೇ ಆದೇಶದ ಉತ್ತರದಲ್ಲಿ ಇನ್ನೊಂದು ಸಾಲು ಇದೆ: ಸುಮ್ಮನಿರುವ ಸೆಷನ್ನಿನ ಅವಧಿ, 15 ನಿಮಿಷ. ಒಂದು ಫೈಲನ್ನೂ ತೆರೆದಿಟ್ಟುಕೊಳ್ಳದೆ ಹದಿನೈದು ನಿಮಿಷ ಸುಮ್ಮನಿದ್ದ ಸೆಷನ್ನನ್ನು ಸರ್ವರ್ ತಾನೇ ಕಡಿದು ಜಾಗ ತೆರವು ಮಾಡುತ್ತದೆ. ಬಳಸುವವರಿಗೆ ಇದು ಗೊತ್ತಾಗುವುದೂ ಇಲ್ಲ, ಫೋಲ್ಡರನ್ನು ಮತ್ತೆ ಮುಟ್ಟಿದಾಗ ಸಂಪರ್ಕ ತಾನಾಗಿ ಕೂಡಿಕೊಳ್ಳುತ್ತದೆ. ಮಿತಿಯ ಅಂಚಿನಲ್ಲಿರುವ ಕಚೇರಿ ಈ ಅವಧಿಯನ್ನು ಐದು ನಿಮಿಷಕ್ಕೋ ಮೂರಕ್ಕೋ ಇಳಿಸಿಕೊಳ್ಳಬಹುದು. ನೆಟ್ ಕಾನ್ಫಿಗ್ ಸರ್ವರ್ ಆದೇಶದ ಜೊತೆ ಆಟೋಡಿಸ್‌ಕನೆಕ್ಟ್ ಎಂಬ ಸೂಚನೆ ಕೊಟ್ಟು ನಿಮಿಷ ಬರೆದರೆ ಸಾಕು. ಫೈಲ್ ತೆರೆದಿಟ್ಟುಕೊಂಡೇ ಕೂರುವವರ ವಿಷಯದಲ್ಲಿ ಇದು ಕೆಲಸಕ್ಕೆ ಬರುವುದಿಲ್ಲ. ದಿನವಿಡೀ ಎಕ್ಸೆಲ್ ಹಾಳೆಯನ್ನು ಮಿನಿಮೈಸ್ ಮಾಡಿಟ್ಟವರು ದಿನವಿಡೀ ಒಂದು ಜಾಗ ಹಿಡಿದಿರುತ್ತಾರೆ.

ಶೇರ್ ಮಾಡುವ ಕಿಟಕಿಯಲ್ಲಿಯೂ ಏಕಕಾಲದ ಬಳಕೆದಾರರ ಸಂಖ್ಯೆ ತುಂಬುವ ಚೌಕವೊಂದಿದೆ. ಅದು ಆ ಒಂದು ಫೋಲ್ಡರಿಗೆ ಮಾತ್ರ ಸಂಬಂಧಿಸಿದ್ದು. ಅಲ್ಲಿ 5 ಎಂದು ಬರೆದು ಇಳಿಸಬಹುದು, ಡೆಸ್ಕ್‌ಟಾಪ್ ವಿಂಡೋಸ್‌ನಲ್ಲಿ 50 ಎಂದು ಬರೆದು ಏರಿಸಲಾಗದು.

ಸಂಪರ್ಕವನ್ನು ಎಣಿಸಿ ಮಾರುವ ಪದ್ಧತಿ ವಿಂಡೋಸ್‌ನ ಈ ಮಿತಿಗಿಂತ ಹಳೆಯದು. 1980ರ ದಶಕದ ಕೊನೆಗೆ ಕಚೇರಿಗಳ ಫೈಲ್ ಸರ್ವರ್ ಎಂದರೆ ನಾವೆಲ್ ಕಂಪನಿಯ ನೆಟ್‌ವೇರ್. ಅದನ್ನು ಕೊಳ್ಳುವಾಗಲೇ ಬಳಕೆದಾರರ ಸಂಖ್ಯೆ ಆರಿಸಬೇಕಿತ್ತು, ಅದರಂತೆ ಬೆಲೆ. ಫೈಲ್ ಹಂಚಿಕೆಗೆ ವಿಂಡೋಸ್ ಬಳಸುವ ಎಸ್‌ಎಂಬಿ ಎಂಬ ಕ್ರಮ ಹುಟ್ಟಿದ್ದು ಐಬಿಎಂನಲ್ಲಿ, 1980ರ ದಶಕದ ಆರಂಭದಲ್ಲಿ. ಅದನ್ನು ರೂಪಿಸಿದವರು ಬ್ಯಾರಿ ಫೈಗೆನ್‌ಬಾಮ್. ಆ ಕ್ರಮದಲ್ಲಿ 10 ಎಂದಾಗಲಿ 20 ಎಂದಾಗಲಿ ಯಾವ ಗಡಿಯೂ ಇಲ್ಲ. ಗಡಿ ಬಂದದ್ದು ಆಮೇಲೆ, ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಎನ್‌ಟಿಯನ್ನು ವರ್ಕ್‌ಸ್ಟೇಷನ್ ಮತ್ತು ಸರ್ವರ್ ಎಂದು ಎರಡಾಗಿ ಮಾರತೊಡಗಿದಾಗ. 1994ರ ಎನ್‌ಟಿ 3.5ರಲ್ಲಿ ವರ್ಕ್‌ಸ್ಟೇಷನ್ ಆವೃತ್ತಿಯ ಫೈಲ್ ಸೇವೆಗೆ ಏಕಕಾಲಕ್ಕೆ ಹತ್ತು ಮಂದಿಯ ಮಿತಿ ಇತ್ತು.

ಈ ಗೆರೆ ಬಹಿರಂಗ ಜಗಳಕ್ಕೆ ಕಾರಣವಾದದ್ದು 1996ರಲ್ಲಿ. ಆ ವರ್ಷ ಬರಲಿದ್ದ ಎನ್‌ಟಿ ವರ್ಕ್‌ಸ್ಟೇಷನ್ 4.0ರ ಪರೀಕ್ಷಾ ಆವೃತ್ತಿಯಲ್ಲಿ ಮೈಕ್ರೋಸಾಫ್ಟ್ ಇನ್ನೂ ಬಿಗಿಯಾದ ಕಟ್ಟಳೆ ಸೇರಿಸಿತು: ಹತ್ತು ನಿಮಿಷದ ಅವಧಿಯಲ್ಲಿ ಹತ್ತಕ್ಕಿಂತ ಹೆಚ್ಚು ಬೇರೆ ಬೇರೆ ಐಪಿ ವಿಳಾಸಗಳಿಂದ ಸಂಪರ್ಕ ಬಂದರೆ ಒಪ್ಪಿಕೊಳ್ಳುವಂತಿಲ್ಲ. ಅಂದರೆ ಬೇರೆ ಕಂಪನಿಯ ವೆಬ್ ಸರ್ವರ್ ತಂತ್ರಾಂಶವನ್ನೂ ಅದರಲ್ಲಿ ನಡೆಸುವಂತಿರಲಿಲ್ಲ. ಅಂಥ ತಂತ್ರಾಂಶವೊಂದನ್ನು ಮಾರುತ್ತಿದ್ದ ಪ್ರಕಾಶಕ ಟಿಮ್ ಓರೈಲಿ ಬಹಿರಂಗವಾಗಿ ವಿರೋಧಿಸಿದರು. ಮೈಕ್ರೋಸಾಫ್ಟ್ ಆ ತಾಂತ್ರಿಕ ತಡೆಯನ್ನು ತೆಗೆದುಹಾಕಿತು, ಹತ್ತರ ಷರತ್ತನ್ನು ಪರವಾನಗಿಯ ಪತ್ರದಲ್ಲಿ ಉಳಿಸಿಕೊಂಡಿತು.

ಅದೇ ವರ್ಷ ವಿಂಡೋಸ್‌ನ ಒಳರಚನೆ ಬಲ್ಲ ತಜ್ಞರಾದ ಆಂಡ್ರ್ಯೂ ಶುಲ್ಮನ್ ಮತ್ತು ಮಾರ್ಕ್ ರಸ್ಸಿನೋವಿಚ್ ಇನ್ನೊಂದು ಸಂಗತಿಯನ್ನು ಹೊರಗೆಡವಿದರು. ವರ್ಕ್‌ಸ್ಟೇಷನ್ ಮತ್ತು ಸರ್ವರ್ ಎರಡರ ಒಳತಿರುಳೂ ಒಂದೇ. ಯಂತ್ರ ಚಾಲೂ ಆಗುವಾಗ ರಿಜಿಸ್ಟ್ರಿಯಲ್ಲಿ ಪ್ರಾಡಕ್ಟ್‌ಟೈಪ್ ಎಂಬ ಒಂದು ನಮೂದನ್ನು ಓದಿ, ಅದರಲ್ಲಿರುವ ಪದಕ್ಕೆ ತಕ್ಕಂತೆ ವಿಂಡೋಸ್ ತನ್ನನ್ನು ಡೆಸ್ಕ್‌ಟಾಪ್ ಎಂದೋ ಸರ್ವರ್ ಎಂದೋ ಹೊಂದಿಸಿಕೊಳ್ಳುತ್ತಿತ್ತು. ಆ ನಮೂದನ್ನು ಯಾರಾದರೂ ತಿದ್ದುತ್ತಾರೆಯೇ ಎಂದು ಕಾಯುವುದಕ್ಕಾಗಿಯೇ ಕಾವಲು ಏರ್ಪಾಟು ಒಳಗಿತ್ತು. ತಿದ್ದಿದರೆ ಹಳೆಯ ಪದವನ್ನೇ ಮರಳಿ ಬರೆದು, ಇದು ಪರವಾನಗಿಯ ಉಲ್ಲಂಘನೆ ಎಂಬ ಎಚ್ಚರಿಕೆಯನ್ನು ತೆರೆಯ ಮೇಲೆ ಹಾಕುತ್ತಿತ್ತು. ರಸ್ಸಿನೋವಿಚ್ ಮುಂದೆ ಮೈಕ್ರೋಸಾಫ್ಟ್‌ನಲ್ಲೇ ದೊಡ್ಡ ಹುದ್ದೆಗೆ ಏರಿದರು. ಈ ಪ್ರಸಂಗವನ್ನು ವಿವರವಾಗಿ ಹೇಳಲು ಕಾರಣವಿದೆ. ರಿಜಿಸ್ಟ್ರಿ ತಿದ್ದಿ 20ನ್ನು 100 ಮಾಡಬಹುದೇ ಎಂದು ಇಂದಿಗೂ ಕೇಳುವವರಿದ್ದಾರೆ. ಮಿತಿ ಕೇವಲ ಒಂದು ಸಂಖ್ಯೆಯಾಗಿದ್ದರೂ ಅದರ ಹಿಂದೆ ಒಪ್ಪಿಕೊಂಡ ಕರಾರು ಇದೆ. ಬಿರುಕು ಹುಡುಕಿ ದಾಟಿದರೆ ಕಚೇರಿ ಕರಾರು ಮುರಿದಂತೆ. ಮುಂದಿನ ಅಪ್‌ಡೇಟ್‌ನಲ್ಲಿ ಆ ಬಿರುಕು ಮುಚ್ಚಿಹೋಗಿ, ಕೆಲಸದ ದಿನವೇ ಫೋಲ್ಡರ್ ಬಾಗಿಲು ಹಾಕಿಕೊಳ್ಳಲೂಬಹುದು.

ಮುಂದಿನ ಆವೃತ್ತಿಗಳಲ್ಲಿ ಅಂಕಿ ಹೀಗೆ ಸಾಗಿತು. ವಿಂಡೋಸ್ 2000 ಪ್ರೊಫೆಷನಲ್‌ನಲ್ಲಿ 10. ಎಕ್ಸ್‌ಪಿ ಪ್ರೊಫೆಷನಲ್‌ನಲ್ಲಿ 10, ಎಕ್ಸ್‌ಪಿ ಹೋಮ್‌ನಲ್ಲಿ 5. ವಿಸ್ತಾದಲ್ಲಿ ಹೋಮ್ ಬೇಸಿಕ್‌ಗೆ 5, ಉಳಿದವಕ್ಕೆ 10. 2009ರ ವಿಂಡೋಸ್ 7ರಲ್ಲಿ ಅದು 20ಕ್ಕೆ ಏರಿತು, ಅಲ್ಲಿಯೇ ನಿಂತಿತು. ಎಕ್ಸ್‌ಪಿ ಕಾಲದ ಮತ್ತೊಂದು ಹತ್ತರ ಮಿತಿಯನ್ನು ಇದರೊಂದಿಗೆ ಬೆರೆಸುವವರು ಬಹಳ. 2004ರ ಎಕ್ಸ್‌ಪಿ ಎರಡನೇ ಸರ್ವಿಸ್ ಪ್ಯಾಕ್‌ನಲ್ಲಿ, ಯಂತ್ರದಿಂದ ಹೊರಹೊರಟು ಇನ್ನೂ ಪೂರ್ತಿಯಾಗದ ಟಿಸಿಪಿ ಸಂಪರ್ಕಗಳು ಏಕಕಾಲಕ್ಕೆ ಹತ್ತಕ್ಕಿಂತ ಹೆಚ್ಚಿರದಂತೆ ತಡೆ ಹಾಕಲಾಯಿತು. ಅದು ವರ್ಮ್‌ಗಳು ಹಬ್ಬುವ ವೇಗ ತಗ್ಗಿಸಲೆಂದು ಮಾಡಿದ್ದು, ಒಳಬರುವ ಫೈಲ್ ಸಂಪರ್ಕಕ್ಕೂ ಅದಕ್ಕೂ ನಂಟಿಲ್ಲ. ಟೊರೆಂಟ್ ಬಳಸುವವರು ಆಗ ಆ ತಡೆ ತೆಗೆಯಲು ಪ್ಯಾಚ್ ಹಾಕಿಕೊಳ್ಳುತ್ತಿದ್ದರು. ಅದರಿಂದ ಹನ್ನೊಂದನೆಯ ಮೇಜಿಗೆ ಫೋಲ್ಡರ್ ತೆರೆದುಕೊಳ್ಳುತ್ತಿರಲಿಲ್ಲ.

ಭಾರತದ ಸಣ್ಣ ಕಚೇರಿಗಳಲ್ಲಿ ಈ ಮಿತಿ ಎದುರಾಗುವ ಬಗೆಗೆ ಟ್ಯಾಲಿ ಒಳ್ಳೆಯ ನಿದರ್ಶನ. ಬೆಂಗಳೂರಿನಲ್ಲಿ ಬೆಳೆದ ಈ ಲೆಕ್ಕಪತ್ರ ತಂತ್ರಾಂಶದ ಒಬ್ಬ ಬಳಕೆದಾರನ ಪರವಾನಗಿಗೆ ಸಿಲ್ವರ್ ಎಂದೂ ಬಹುಬಳಕೆದಾರರ ಪರವಾನಗಿಗೆ ಗೋಲ್ಡ್ ಎಂದೂ ಹೆಸರು. ಗೋಲ್ಡ್‌ನಲ್ಲಿ ಒಂದು ಕಚೇರಿಯ ನೆಟ್‌ವರ್ಕ್‌ನೊಳಗೆ ಬಳಸುವವರ ಸಂಖ್ಯೆಗೆ ತಡೆಯಿಲ್ಲ. ಡೇಟಾ ಇರುವುದು ಒಂದು ಫೋಲ್ಡರಿನಲ್ಲಿ. ಸಾಮಾನ್ಯವಾಗಿ ಒಂದು ಡೆಸ್ಕ್‌ಟಾಪ್‌ನಲ್ಲಿ ಆ ಫೋಲ್ಡರನ್ನಿಟ್ಟು ಶೇರ್ ಮಾಡಿ, ಉಳಿದ ಮೇಜುಗಳ ಟ್ಯಾಲಿಗೆ ಅದರ ದಾರಿ ತೋರಿಸಲಾಗುತ್ತದೆ. ಇಪ್ಪತ್ಮೂರು ಮೇಜುಗಳ ಆಡಿಟರ್ ಕಚೇರಿಯೊಂದನ್ನು ಊಹಿಸಿಕೊಳ್ಳಬಹುದು. ತಿಂಗಳ ಮೊದಲ ವಾರಗಳಲ್ಲಿ ಆರ್ಟಿಕಲ್ ಹುಡುಗರು ಕಕ್ಷಿದಾರರ ಕಡೆ ಹೋಗಿರುತ್ತಾರೆ, ಒಳಗೆ ಹನ್ನೆರಡು ಹದಿಮೂರು ಯಂತ್ರ ಮಾತ್ರ ಚಾಲೂ. ಜಿಎಸ್‌ಟಿಆರ್-3ಬಿ ಸಲ್ಲಿಸುವ ಕೊನೆಯ ದಿನವಾದ 20ನೇ ತಾರೀಖು ಹತ್ತಿರವಾದಂತೆ ಎಲ್ಲರೂ ಮೇಜಿಗೆ ಬಂದು ಕೂರುತ್ತಾರೆ. ಟ್ಯಾಲಿ ತೆರೆದಿರುವವರೆಗೆ ಡೇಟಾ ಫೈಲ್‌ಗಳು ತೆರೆದೇ ಇರುವುದರಿಂದ ಹದಿನೈದು ನಿಮಿಷದ ನಿಯಮವೂ ಸಹಾಯಕ್ಕೆ ಬಾರದು. ಇಪ್ಪತ್ತೊಂದನೆಯವರಿಗೆ ಫೋಲ್ಡರ್ ಸಿಗುವುದಿಲ್ಲ. ಟ್ಯಾಲಿಯ ಪರವಾನಗಿ ಸರಿಯಿದೆ, ವಿಂಡೋಸ್‌ನ ಪರವಾನಗಿಯೂ ಸರಿಯಿದೆ, ಎರಡರ ಲೆಕ್ಕ ಮಾತ್ರ ಒಂದಕ್ಕೊಂದು ಹೊಂದಿಲ್ಲ. ತಂತ್ರಾಂಶ ಕೊಳ್ಳುವಾಗ ಎರಡನ್ನೂ ಕೂಡಿಸಿ ನೋಡಿದ್ದರೆ ತಪ್ಪುತ್ತಿದ್ದ ತಾಪತ್ರಯ ಇದು, ಅದೂ ದಂಡ ಬೀಳುವ ದಿನವೇ ಬರುವಂಥದ್ದು.

ಇಪ್ಪತ್ತರ ಒಳಗಿದ್ದರೂ ಡೆಸ್ಕ್‌ಟಾಪ್ ದಣಿಯುವುದುಂಟು. ತಿರುಗುವ ಹಾರ್ಡ್‌ಡಿಸ್ಕ್ ಅಲ್ಲಲ್ಲಿ ಚದುರಿದ ಸಣ್ಣ ಓದು ಬರಹಗಳನ್ನು ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಮಾತ್ರ ಮುಗಿಸಬಲ್ಲದು. ಹದಿನೈದು ಜನ ಒಟ್ಟಿಗೆ ಡೇಟಾ ಫೈಲ್ ಮೇಲೆ ಕೆಲಸ ಮಾಡಿದರೆ ಅಷ್ಟು ಸಾಲದು. ಎಸ್‌ಎಸ್‌ಡಿ ಹಾಕಿದರೆ ಈ ದೂರು ನಿಲ್ಲುತ್ತದೆ. ಗಿಗಾಬಿಟ್ ಕೇಬಲ್‌ನಲ್ಲಿ ಸೆಕೆಂಡಿಗೆ ಸುಮಾರು 110 ಮೆಗಾಬೈಟ್ ಹರಿಯುತ್ತದೆ, ಅದನ್ನು ಎಲ್ಲರೂ ಹಂಚಿಕೊಳ್ಳಬೇಕು. ವಿಂಡೋಸ್ 7ರ ಯಂತ್ರಗಳಲ್ಲಿ ಫೈಲ್ ಸೇವೆಗೆಂದು ಮೀಸಲಾದ ಮೆಮೊರಿ ತೀರಿ, ಈವೆಂಟ್ ವ್ಯೂವರ್‌ನಲ್ಲಿ 2017 ಸಂಖ್ಯೆಯ ದೋಷ ದಾಖಲಾಗಿ, ಸಂಪರ್ಕಗಳು ತುಂಡಾಗುತ್ತಿದ್ದವು. ಅದು ಸೆಷನ್ ಮಿತಿಯಲ್ಲ, ಮೆಮೊರಿ ಹೊಂದಾಣಿಕೆಯ ಸಮಸ್ಯೆ. ಎಕ್ಸ್‌ಪಿಯನ್ನೇ ಸರ್ವರ್ ಮಾಡಿಕೊಂಡ ಕಚೇರಿಗೆ ಹೊಸ ವಿಂಡೋಸ್ ಯಂತ್ರ ಬಂದಾಗ ಬೇರೆಯದೇ ಗೋಡೆ ಎದುರಾಗುತ್ತದೆ. ಎಕ್ಸ್‌ಪಿಗೆ ಗೊತ್ತಿರುವುದು ಎಸ್‌ಎಂಬಿಯ ಮೊದಲ ಆವೃತ್ತಿ ಮಾತ್ರ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಹರಡಿದ್ದು ಆ ಆವೃತ್ತಿಯ ದೋಷದ ಮೂಲಕ. ಅದೇ ವರ್ಷದ ಕೊನೆಯ ಭಾಗದಲ್ಲಿ ಬಂದ ವಿಂಡೋಸ್ 10ರ ಅಪ್‌ಡೇಟ್‌ನಿಂದ ಹೊಸದಾಗಿ ಇನ್‌ಸ್ಟಾಲ್ ಮಾಡಿದ ಯಂತ್ರಗಳಲ್ಲಿ ಅದನ್ನು ಕೈಬಿಡಲಾಯಿತು. ಆ ಹಳೆಯ ಬಾಗಿಲನ್ನು ಮತ್ತೆ ತೆರೆದುಕೊಳ್ಳುವುದಕ್ಕಿಂತ ಹಳೆಯ ಯಂತ್ರವನ್ನು ಬದಲಿಸುವುದೇ ಕ್ಷೇಮ.

ಸರ್ವರ್ ಆಗಿರುವ ಡೆಸ್ಕ್‌ಟಾಪ್ ಮೇಲೆ ಯಾರೋ ಕುಳಿತು ಕೆಲಸ ಮಾಡುವುದೂ ತೊಂದರೆಯೇ. ಸಂಜೆ ಮನೆಗೆ ಹೊರಟವರು ರೂಢಿಯಂತೆ ಅದನ್ನು ಆಫ್ ಮಾಡುತ್ತಾರೆ, ಇಲ್ಲವೇ ಅದು ತಾನೇ ಸ್ಲೀಪ್‌ಗೆ ಜಾರುತ್ತದೆ. ಮಾಪ್ ಹಾಕುವಾಗ ಪ್ಲಗ್ ಕಳಚುತ್ತದೆ. ಆ ಯಂತ್ರಕ್ಕೆ ಸ್ಲೀಪ್ ರದ್ದು ಮಾಡಿ, ಯುಪಿಎಸ್ ಕೊಟ್ಟು, ಅಪ್‌ಡೇಟ್ ನಂತರದ ರೀಸ್ಟಾರ್ಟ್ ಕೆಲಸದ ವೇಳೆಯಲ್ಲಿ ಆಗದಂತೆ ನೋಡಿಕೊಂಡು, ದಿನವೂ ಇನ್ನೊಂದು ಡಿಸ್ಕ್‌ಗೆ ಬ್ಯಾಕಪ್ ತೆಗೆಯುವುದು ಕನಿಷ್ಠ ಕ್ರಮ.

ಇಪ್ಪತ್ತನ್ನು ನಿಜವಾಗಿ ಮೀರಬೇಕಾದಾಗ ಹಾದಿಗಳು ಕೆಲವು. ಮೊದಲನೆಯದು ವಿಂಡೋಸ್ ಸರ್ವರ್. ಅದರಲ್ಲಿ ಸೆಷನ್‌ಗಳಿಗೆ ಈ ಬಗೆಯ ಗಡಿ ಇಲ್ಲ, ಆದರೆ ಬಳಸುವ ಪ್ರತಿಯೊಬ್ಬರಿಗೆ ಅಥವಾ ಪ್ರತಿ ಸಾಧನಕ್ಕೆ ಕ್ಯಾಲ್ ಎಂದು ಕರೆಯುವ ಪ್ರತ್ಯೇಕ ಪರವಾನಗಿ ಕೊಳ್ಳಬೇಕು. ಒಬ್ಬರೇ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್, ಮೊಬೈಲ್ ಮೂರನ್ನೂ ಬಳಸುವ ಕಡೆ ಜನರ ಲೆಕ್ಕದ ಕ್ಯಾಲ್ ಅಗ್ಗ. ಒಂದೇ ಯಂತ್ರದ ಮುಂದೆ ಮೂರು ಪಾಳಿಯವರು ಕೂರುವ ಕಾರ್ಖಾನೆಯಲ್ಲಿ ಸಾಧನದ ಲೆಕ್ಕದ್ದು ಅಗ್ಗ. ಸಣ್ಣ ಕಚೇರಿಗಳಿಗೆಂದೇ ಇರುವ ಎಸೆನ್ಷಿಯಲ್ಸ್ ಆವೃತ್ತಿ 25 ಬಳಕೆದಾರರು ಮತ್ತು 50 ಸಾಧನಗಳವರೆಗೆ ಕ್ಯಾಲ್ ಬೇಡುವುದಿಲ್ಲ. ಮಧ್ಯದಲ್ಲಿ ಇನ್ನೊಂದು ಯಂತ್ರವನ್ನೋ ತಂತ್ರಾಂಶವನ್ನೋ ಇಟ್ಟು ನಲವತ್ತು ಜನರ ಸಂಪರ್ಕವನ್ನು ಒಂದೇ ಸಂಪರ್ಕವಾಗಿ ತೋರಿಸುವ ಜಾಣತನವನ್ನು ಪರವಾನಗಿ ಸ್ಪಷ್ಟವಾಗಿ ನಿರಾಕರಿಸುತ್ತದೆ. ಹಿಂದಿರುವ ಸಾಧನಗಳನ್ನೇ ಎಣಿಸಬೇಕು. ಫೋಲ್ಡರ್‌ಗಳನ್ನು ಎರಡು ಡೆಸ್ಕ್‌ಟಾಪ್‌ಗಳಿಗೆ ಹಂಚುವುದು ತಪ್ಪಲ್ಲ: ಲೆಕ್ಕಪತ್ರ ಒಂದರಲ್ಲಿ, ಪತ್ರವ್ಯವಹಾರ ಇನ್ನೊಂದರಲ್ಲಿ. ಒಂದೊಂದಕ್ಕೂ ತನ್ನದೇ ಇಪ್ಪತ್ತು.

ಇನ್ನೊಂದು ಹಾದಿ ಲಿನಕ್ಸ್. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಜೆಲ್ 1990ರ ದಶಕದ ಆರಂಭದಲ್ಲಿ ಬರೆಯತೊಡಗಿದ ಸಾಂಬಾ ಎಂಬ ಮುಕ್ತ ತಂತ್ರಾಂಶ ಅದೇ ಎಸ್‌ಎಂಬಿ ಭಾಷೆಯನ್ನು ಆಡುತ್ತದೆ. ಎಸ್, ಎಂ, ಬಿ ಅಕ್ಷರಗಳು ಅನುಕ್ರಮವಾಗಿ ಬರುವ ಪದವನ್ನು ಕಂಪ್ಯೂಟರಿನ ಪದಪಟ್ಟಿಯಲ್ಲಿ ಹುಡುಕಿದಾಗ ಸಿಕ್ಕ ಹೆಸರು ಅದು. ಹಳೆಯ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಮತ್ತು ಸಾಂಬಾ ಹಾಕಿದರೆ ಉಳಿದ ವಿಂಡೋಸ್ ಯಂತ್ರಗಳಿಗೆ ಅದು ಮಾಮೂಲಿ ಶೇರ್ ಫೋಲ್ಡರಿನಂತೆಯೇ ಕಾಣುತ್ತದೆ. ಸಾಂಬಾದ ಸಂರಚನಾ ಫೈಲ್‌ನಲ್ಲಿ ಮ್ಯಾಕ್ಸ್ ಕನೆಕ್ಷನ್ಸ್ ಎಂಬ ಸಾಲು ಇದೆ. ಅದರ ಮೂಲ ಮೌಲ್ಯ ಸೊನ್ನೆ, ಅಂದರೆ ಮಿತಿ ಇಲ್ಲ. ಪ್ರತಿ ಸಂಪರ್ಕಕ್ಕೂ ಅದು ಒಂದು ಪ್ರತ್ಯೇಕ ಪ್ರಕ್ರಿಯೆ ಹುಟ್ಟಿಸುವುದರಿಂದ ನಿಜವಾದ ಗಡಿ ಯಂತ್ರದ ಮೆಮೊರಿ ಮತ್ತು ಡಿಸ್ಕ್. ಅಂಗಡಿಯಲ್ಲಿ ನ್ಯಾಸ್ ಎಂದು ಸಿಗುವ ಪುಟ್ಟ ಪೆಟ್ಟಿಗೆಗಳ ಒಳಗೂ ಬಹುಪಾಲು ಇರುವುದು ಇದೇ ಜೋಡಿ, ಜೊತೆಗೆ ಎರಡೋ ನಾಲ್ಕೋ ಡಿಸ್ಕ್‌ಗಳು. ಲಿನಕ್ಸ್ ಬಲ್ಲವರು ಕೈಗೆ ಸಿಗದ ಊರುಗಳಲ್ಲಿ, ಬ್ರೌಸರಿನಲ್ಲೇ ಎಲ್ಲವನ್ನೂ ಹೊಂದಿಸಬಹುದಾದ ನ್ಯಾಸ್ ಹೆಚ್ಚು ಅನುಕೂಲ.

ಹಳೆಯ ಡೆಸ್ಕ್‌ಟಾಪ್‌ನಿಂದ ಹೊಸ ಯಂತ್ರಕ್ಕೆ ಬದಲಿಸುವ ಕೆಲಸದಲ್ಲಿ ಹೆಚ್ಚು ಸಮಯ ತಿನ್ನುವುದು ಪ್ರತಿ ಮೇಜಿನಲ್ಲೂ ಡ್ರೈವ್‌ಗಳನ್ನು ಹೊಸದಾಗಿ ಮ್ಯಾಪ್ ಮಾಡುವುದು. ಫೈಲ್‌ಗಳನ್ನು ನಕಲು ಮಾಡಿ, ಹಳೆಯ ಡೆಸ್ಕ್‌ಟಾಪ್‌ಗೆ ಬೇರೆ ಹೆಸರು ಕೊಟ್ಟು, ಅದರ ಮೊದಲಿನ ಹೆಸರನ್ನೂ ಶೇರ್ ಹೆಸರುಗಳನ್ನೂ ಹಾಗೆಯೇ ಹೊಸ ಯಂತ್ರಕ್ಕೆ ಇಟ್ಟು, ಅದೇ ಬಳಕೆದಾರ ಹೆಸರು ಪಾಸ್‌ವರ್ಡ್‌ಗಳನ್ನು ಅಲ್ಲಿಯೂ ಸೃಷ್ಟಿಸಿದರೆ, ಹೆಸರಿನಿಂದ ಮ್ಯಾಪ್ ಆಗಿರುವ ಡ್ರೈವ್‌ಗಳು ಮರುದಿನ ಬೆಳಿಗ್ಗೆ ಮುಟ್ಟದೆಯೇ ಹೊಸ ಯಂತ್ರವನ್ನು ತೆರೆಯುತ್ತವೆ. ಐಪಿ ವಿಳಾಸದಿಂದ ಮ್ಯಾಪ್ ಮಾಡಿದ್ದ ಮೇಜುಗಳಿದ್ದರೆ ಆ ವಿಳಾಸವನ್ನೂ ಹೊಸದಕ್ಕೆ ವರ್ಗಾಯಿಸಬೇಕಾಗುತ್ತದೆ.